ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗ್: ಎರಡು ದಾರಿಗಳಲ್ಲಿ ಯಾವುದನ್ನು ಹಿಡಿಯಬೇಕು?

ಮಾಹಿತಿಯನ್ನೂ ಅದರ ಮೇಲಿನ ಕೆಲಸಗಳನ್ನೂ ಆಬ್ಜೆಕ್ಟ್ ಎಂಬ ಘಟಕಗಳಾಗಿ ಕೂಡಿಸಿ ಬರೆಯುವ ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗ್ ಕಲಿಯಲು ಹೊರಟ ವಿದ್ಯಾರ್ಥಿಗೆ ಮೊದಲ ಕೆಲವು ತರಗತಿಗಳಲ್ಲೇ ನಾಲ್ಕು ಹೆಸರುಗಳು ಬಾಯಿಪಾಠವಾಗಿಬಿಡುತ್ತವೆ: ಎನ್‌ಕ್ಯಾಪ್ಸುಲೇಶನ್ (ಮಾಹಿತಿಗೆ ಬೇಲಿ ಹಾಕುವುದು), ಅಬ್‌ಸ್ಟ್ರಾಕ್ಷನ್ (ಒಳವಿವರ ಬಿಟ್ಟು ಬೇಕಾದಷ್ಟನ್ನೇ ತೋರಿಸುವುದು), ಇನ್ಹೆರಿಟೆನ್ಸ್ (ಒಂದು ಕ್ಲಾಸಿನಿಂದ, ಅಂದರೆ ಆಬ್ಜೆಕ್ಟ್ ಮಾಡುವ ಅಚ್ಚಿನಿಂದ, ಇನ್ನೊಂದನ್ನು ಪಡೆಯುವುದು) ಮತ್ತು ಪಾಲಿಮಾರ್ಫಿಸಂ (ಒಂದೇ ಕರೆಗೆ ಆಬ್ಜೆಕ್ಟಿಗೆ ತಕ್ಕಂತೆ ಬೇರೆ ನಡವಳಿಕೆ). ಪರೀಕ್ಷೆಯಲ್ಲಿ ಇವುಗಳ ವ್ಯಾಖ್ಯೆ ಬರೆದು ಅಂಕ ಪಡೆಯುವುದು ಕಷ್ಟವೇನಲ್ಲ. ಕಷ್ಟ ಶುರುವಾಗುವುದು ಖಾಲಿ ಫೈಲೊಂದನ್ನು ತೆರೆದು ಕುಳಿತಾಗ. ಆಗ ‘ಇನ್ಹೆರಿಟೆನ್ಸ್ ಎಂದರೇನು’ ಎಂದು ಯಾರೂ ಕೇಳುವುದಿಲ್ಲ; ಇಲ್ಲಿ ಇನ್ಹೆರಿಟೆನ್ಸ್ ಬಳಸಬೇಕೇ, ಅಥವಾ ಒಂದು ಆಬ್ಜೆಕ್ಟಿನೊಳಗೆ ಇನ್ನೊಂದನ್ನು ಇಟ್ಟುಕೊಳ್ಳಬೇಕೇ, ಈ ವೇರಿಯಬಲ್ಲನ್ನು ಪ್ರೈವೇಟ್ ಮಾಡಬೇಕೇ, ಈ ಮೆಥಡ್ (ಕ್ಲಾಸಿನೊಳಗೆ ಬರೆದ ಫಂಕ್ಷನ್) ಸ್ಟ್ಯಾಟಿಕ್ ಆಗಿದ್ದರೆ ಸಾಕೇ ಎಂಬ ಪ್ರಶ್ನೆಗಳು ಒಂದರ ಹಿಂದೊಂದರಂತೆ ಎದುರಾಗುತ್ತವೆ. ವ್ಯಾಖ್ಯೆಗಳು ಈ ಪ್ರಶ್ನೆಗಳಿಗೆ ಉತ್ತರ ಕೊಡುವುದಿಲ್ಲ. ಆದ್ದರಿಂದ ಈ ಲೇಖನದಲ್ಲಿ ಪರಿಕಲ್ಪನೆಗಳನ್ನು ಜೋಡಿ ಜೋಡಿಯಾಗಿ ಎದುರುಬದುರು ಇಟ್ಟು, ಯಾವ ಸಂದರ್ಭಕ್ಕೆ ಯಾವುದು ಹೊಂದುತ್ತದೆ ಎಂಬುದನ್ನು ನೋಡೋಣ.

ಎಲ್ಲ ಜೋಡಿಗಳಿಗೂ ಉದಾಹರಣೆಯಾಗಿ ಒಂದೇ ಪ್ರೋಗ್ರಾಂ ಸಾಕು. ಅದು ಗ್ರಂಥಾಲಯವೊಂದರ ವ್ಯವಹಾರವನ್ನು ನೋಡಿಕೊಳ್ಳುತ್ತದೆ: ಪುಸ್ತಕಗಳಿವೆ, ಸದಸ್ಯರಿದ್ದಾರೆ, ಎರವಲು ಕೊಡುವುದಿದೆ, ತಡವಾದರೆ ದಂಡವಿದೆ. ಆಯ್ಕೆ ಮಾಡುವಾಗ ಕೇಳಿಕೊಳ್ಳಬೇಕಾದ ಪ್ರಶ್ನೆಯೂ ಒಂದೇ: ನಾಳೆ ಈ ನಿಯಮ ಬದಲಾದರೆ ಕೋಡನ್ನು ಎಷ್ಟು ಕಡೆ ತಿದ್ದಬೇಕಾಗುತ್ತದೆ? ತಿದ್ದಬೇಕಾದ ಜಾಗಗಳು ಕಡಿಮೆಯಾಗುವ ದಾರಿಯೇ ಬಹುಮಟ್ಟಿಗೆ ಸರಿಯಾದ ದಾರಿ.

ಕ್ಲಾಸ್ ಬೇಕೇ, ಫಂಕ್ಷನ್ ಸಾಕೇ?

ಇದನ್ನು ಯಾವ ಪಠ್ಯಪುಸ್ತಕವೂ ಮೊದಲ ಪ್ರಶ್ನೆಯಾಗಿ ಎತ್ತಿಕೊಳ್ಳುವುದು ಅಪರೂಪ. ಆದರೆ ಕಲಿಯುವವರು ಬರೆದ ಪ್ರೋಗ್ರಾಂಗಳಲ್ಲಿ ಕಾಣುವ ಅನಗತ್ಯ ತೊಡಕುಗಳ ಮೂಲ ಇಲ್ಲಿಯೇ ಇರುತ್ತದೆ. ಎರಡು ದಿನಾಂಕಗಳ ನಡುವೆ ಎಷ್ಟು ದಿನಗಳಿವೆ ಎಂದು ಲೆಕ್ಕ ಹಾಕಲು ಕ್ಲಾಸ್ ಬೇಡ. ಒಳಗೆ ಎರಡು ಮೌಲ್ಯಗಳು ಬರುತ್ತವೆ, ಹೊರಗೆ ಒಂದು ಸಂಖ್ಯೆ ಹೋಗುತ್ತದೆ, ನಡುವೆ ನೆನಪಿಟ್ಟುಕೊಳ್ಳಬೇಕಾದದ್ದು ಏನೂ ಇಲ್ಲ. ಇಂಥ ಕೆಲಸಕ್ಕೆ ಫಂಕ್ಷನ್ ಸಾಕು. ಸದಸ್ಯನ ವಿಷಯ ಹಾಗಲ್ಲ. ಸದಸ್ಯನ ಬಳಿ ಈಗ ಎಷ್ಟು ಪುಸ್ತಕಗಳಿವೆ ಎಂಬುದು ಕರೆಯಿಂದ ಕರೆಗೆ ಉಳಿಯಬೇಕಾದ ಮಾಹಿತಿ, ಮತ್ತು ಆ ಮಾಹಿತಿಯನ್ನು ಬದಲಿಸುವ ಕೆಲಸಗಳಿಗೆ ನಿಯಮಗಳಿವೆ. ಉಳಿಯುವ ಮಾಹಿತಿ ಮತ್ತು ಅದನ್ನು ಕಾಯುವ ನಿಯಮ, ಇವೆರಡೂ ಜೊತೆಗೆ ಕಂಡಾಗ ಕ್ಲಾಸ್ ಬರೆಯಬೇಕು. ಮಾಹಿತಿ ಮಾತ್ರ ಇದ್ದು ನಿಯಮವೇ ಇಲ್ಲದಿದ್ದರೆ, ಜಾವಾದಲ್ಲಿ 2021ರಲ್ಲಿ 16ನೆಯ ಆವೃತ್ತಿಯೊಂದಿಗೆ ಕಾಯಂ ಆದ ರೆಕಾರ್ಡ್ ಅಥವಾ ಪೈಥಾನಿನ ಡೇಟಾಕ್ಲಾಸ್ ಸಾಕಾಗುತ್ತದೆ.

ಪ್ರೈವೇಟ್ ಮತ್ತು ಪಬ್ಲಿಕ್

ಪುಸ್ತಕದ ಕ್ಲಾಸಿನಲ್ಲಿ ‘ಉಳಿದ ಪ್ರತಿಗಳು’ ಎಂಬ ವೇರಿಯಬಲ್ ಇದೆ ಎಂದುಕೊಳ್ಳೋಣ. ಅದು ಪಬ್ಲಿಕ್ ಆಗಿದ್ದರೆ ಪ್ರೋಗ್ರಾಮಿನ ಯಾವ ಮೂಲೆಯಿಂದ ಬೇಕಾದರೂ ಅದಕ್ಕೆ ಮೈನಸ್ ಮೂರು ಎಂಬ ಮೌಲ್ಯವನ್ನು ಕೊಡಬಹುದು. ಕೋಡನ್ನು ಪರೀಕ್ಷಿಸಿ ಯಂತ್ರಕ್ಕೆ ಒಗ್ಗುವ ರೂಪಕ್ಕೆ ತರುವ ಕಂಪೈಲರ್ ತಕರಾರು ಮಾಡುವುದಿಲ್ಲ. ತಪ್ಪು ಬೆಳಕಿಗೆ ಬರುವುದು ಇನ್ನೆಲ್ಲೋ, ವರದಿಯೊಂದರಲ್ಲಿ ಅಸಂಬದ್ಧ ಸಂಖ್ಯೆ ಕಂಡಾಗ. ಅದೇ ವೇರಿಯಬಲ್ ಪ್ರೈವೇಟ್ ಆಗಿದ್ದು, ಎರವಲು ಕೊಡುವ ಮತ್ತು ಹಿಂಪಡೆಯುವ ಎರಡು ಮೆಥಡ್‌ಗಳ ಮೂಲಕ ಮಾತ್ರ ಬದಲಾಗುವಂತಿದ್ದರೆ, ತಪ್ಪನ್ನು ಹುಡುಕಬೇಕಾದ ಜಾಗ ಆ ಎರಡು ಮೆಥಡ್‌ಗಳಿಗೆ ಸೀಮಿತವಾಗುತ್ತದೆ. ಎನ್‌ಕ್ಯಾಪ್ಸುಲೇಶನ್‌ನ ಪ್ರಯೋಜನ ಇದೇ. ಅದನ್ನು ‘ಮಾಹಿತಿಯ ಗುಟ್ಟು ಕಾಯುವುದು’ ಎಂದು ವಿವರಿಸುವ ವಾಡಿಕೆಯಿಂದ ಸ್ವಲ್ಪ ಗೊಂದಲವಾಗಿದೆ, ಏಕೆಂದರೆ ಪ್ರೈವೇಟ್ ಎಂಬುದು ಪಾಸ್‌ವರ್ಡ್‌ನಂತಹ ಭದ್ರತೆಯ ಸಾಧನವಲ್ಲ. ಜಾವಾದಲ್ಲಿ ಒಂದು ಸದಸ್ಯ ಆಬ್ಜೆಕ್ಟ್ ಅದೇ ಕ್ಲಾಸಿನ ಇನ್ನೊಂದು ಸದಸ್ಯ ಆಬ್ಜೆಕ್ಟಿನ ಪ್ರೈವೇಟ್ ವೇರಿಯಬಲ್ಲನ್ನು ಓದಬಹುದು, ಬದಲಿಸಲೂಬಹುದು; ಬೇಲಿ ಇರುವುದು ಕ್ಲಾಸಿನ ಸುತ್ತ, ಆಬ್ಜೆಕ್ಟಿನ ಸುತ್ತ ಅಲ್ಲ. ಇದನ್ನು ಮೊದಲ ಬಾರಿ ಕಂಡವರು ಕಂಪೈಲರ್‌ನ ದೋಷವೆಂದು ಭಾವಿಸುವುದೂ ಉಂಟು.

ಇಲ್ಲಿ ವಿದ್ಯಾರ್ಥಿಗಳು ಬೀಳುವ ಒಂದು ಹಳ್ಳವಿದೆ. ವೇರಿಯಬಲ್‌ಗಳನ್ನೆಲ್ಲ ಪ್ರೈವೇಟ್ ಮಾಡಿ, ಆಮೇಲೆ ಪ್ರತಿಯೊಂದಕ್ಕೂ ಮೌಲ್ಯವನ್ನು ಓದಿಕೊಡುವ ಒಂದು ಗೆಟರ್ ಮತ್ತು ಅದನ್ನು ಬದಲಿಸುವ ಒಂದು ಸೆಟರ್ ಬರೆಯುತ್ತಾರೆ. ಎಡಿಟರ್‌ಗಳು ಒಂದೇ ಕ್ಲಿಕ್ಕಿಗೆ ಅವನ್ನೆಲ್ಲ ಬರೆದುಕೊಡುವುದರಿಂದ ಈ ಅಭ್ಯಾಸ ಇನ್ನಷ್ಟು ಗಟ್ಟಿಯಾಗಿದೆ. ಯಾವ ಪರೀಕ್ಷೆಯೂ ಇಲ್ಲದ ಸೆಟರ್ ಇದ್ದ ಮೇಲೆ ವೇರಿಯಬಲ್ ಪಬ್ಲಿಕ್ ಆಗಿರುವುದಕ್ಕೂ ಪ್ರೈವೇಟ್ ಆಗಿರುವುದಕ್ಕೂ ಹೆಚ್ಚು ವ್ಯತ್ಯಾಸ ಉಳಿಯುವುದಿಲ್ಲ. ಇನ್ನೂ ಸೂಕ್ಷ್ಮವಾದ ಸೋರಿಕೆ ಗೆಟರ್‌ನಲ್ಲಿದೆ: ಸದಸ್ಯನು ಎರವಲು ಪಡೆದ ಪುಸ್ತಕಗಳ ಪಟ್ಟಿಯನ್ನು ಗೆಟರ್ ಹಾಗೆಯೇ ಹಿಂದಿರುಗಿಸಿದರೆ, ಅದನ್ನು ಪಡೆದವರು ಆ ಪಟ್ಟಿಗೇ ನೇರವಾಗಿ ಪುಸ್ತಕ ಸೇರಿಸಬಹುದು, ಮತ್ತು ಸದಸ್ಯನ ಕ್ಲಾಸಿಗೆ ಅದು ತಿಳಿಯುವುದೇ ಇಲ್ಲ. ಪಟ್ಟಿಯ ಪ್ರತಿಯನ್ನೋ ಬದಲಿಸಲಾಗದ ರೂಪವನ್ನೋ ಕೊಡುವುದು ಇದಕ್ಕೆ ಪರಿಹಾರ.

ಭಾಷೆಯನ್ನು ಅನುಸರಿಸಿ ಈ ಆಯ್ಕೆ ಬದಲಾಗುತ್ತದೆ ಎಂಬುದನ್ನೂ ಗಮನಿಸಬೇಕು. ಜಾವಾದಲ್ಲಿ ಪಬ್ಲಿಕ್ ವೇರಿಯಬಲ್ಲಾಗಿ ಶುರುವಾದದ್ದನ್ನು ನಂತರ ಮೆಥಡ್ ಆಗಿ ಬದಲಿಸಿದರೆ ಅದನ್ನು ಬಳಸಿದ ಕಡೆಯಲ್ಲೆಲ್ಲ ಕೋಡ್ ತಿದ್ದಬೇಕು. ಆದ್ದರಿಂದ ಅಲ್ಲಿ ಮೊದಲಿನಿಂದಲೇ ಪ್ರೈವೇಟ್ ಮಾಡುವುದು ವಿವೇಕ. ಪೈಥಾನ್‌ನಲ್ಲಿ ಪ್ರಾಪರ್ಟಿ ಎಂಬ ಸೌಲಭ್ಯವಿರುವುದರಿಂದ, ಸಾದಾ ವೇರಿಯಬಲ್ಲಾಗಿ ಶುರುಮಾಡಿ, ನಿಯಮ ಬೇಕಾದ ದಿನ ಅದೇ ಹೆಸರಿನ ಹಿಂದೆ ಮೆಥಡ್ ಇರಿಸಬಹುದು. ಬಳಸುವವರ ಕೋಡ್‌ನಲ್ಲಿ ಒಂದಕ್ಷರವೂ ಬದಲಾಗುವುದಿಲ್ಲ. ಪೈಥಾನ್‌ನಲ್ಲಿ ಹೆಸರಿನ ಮುಂದೆ ಒಂದು ಅಂಡರ್‌ಸ್ಕೋರ್ ಹಾಕುವುದು ‘ಇದನ್ನು ಹೊರಗಿನಿಂದ ಮುಟ್ಟಬೇಡಿ’ ಎಂಬ ವಿನಂತಿ ಮಾತ್ರ. ಎರಡು ಅಂಡರ್‌ಸ್ಕೋರ್ ಹಾಕಿದರೆ ಹೆಸರಿಗೆ ಕ್ಲಾಸಿನ ಹೆಸರು ಅಂಟಿಕೊಂಡು ಬೇರೆಯದಾಗುತ್ತದೆ, ಅದೂ ಬೀಗವಲ್ಲ. ಜಾವಾದಿಂದ ಬಂದವರು ಪೈಥಾನ್‌ನಲ್ಲೂ ಗೆಟರ್ ಸೆಟರ್‌ಗಳ ಸಾಲು ಬರೆದರೆ ಅದು ಆ ಭಾಷೆಗೆ ಒಗ್ಗದ ಬರವಣಿಗೆಯಾಗುತ್ತದೆ.

ಇನ್ಹೆರಿಟೆನ್ಸ್ ಮತ್ತು ಕಾಂಪೊಸಿಷನ್

ಕಲಿಯುವವರ ತಪ್ಪುಗಳು ಹೆಚ್ಚು ದುಬಾರಿಯಾಗುವುದು ಈ ಜೋಡಿಯಲ್ಲಿ. ಕ್ಲಾಸ್ ಮತ್ತು ಅದರಿಂದ ಹುಟ್ಟುವ ಉಪಕ್ಲಾಸ್ ಎಂಬ ಕಲ್ಪನೆ ಹಳೆಯದು. ನಾರ್ವೆಯ ಓಲೆ-ಯೋಹಾನ್ ದಾಲ್ ಮತ್ತು ಕ್ರಿಸ್ಟನ್ ನಿಗಾರ್ಡ್ ರೂಪಿಸಿದ ಸಿಮುಲಾ 67 ಭಾಷೆಯಲ್ಲಿಯೇ ಅದು ಇತ್ತು. ಅಷ್ಟು ಹಳೆಯದಾದ ಕಾರಣಕ್ಕೋ ಏನೋ, ಆಬ್ಜೆಕ್ಟ್ ಓರಿಯೆಂಟೆಡ್ ಎಂದರೆ ಇನ್ಹೆರಿಟೆನ್ಸ್ ಎಂಬ ಭಾವನೆ ಬೇರೂರಿದೆ. ಪ್ರಾಣಿಯಿಂದ ನಾಯಿ, ನಾಯಿಯಿಂದ ಬೇಟೆನಾಯಿ ಎಂಬ ಮಾದರಿಯ ಉದಾಹರಣೆಗಳು ಈ ಭಾವನೆಯನ್ನು ಪೋಷಿಸುತ್ತವೆ. ಅವು ನೆನಪಿನಲ್ಲಿ ಉಳಿಯಲು ಒಳ್ಳೆಯವು, ಆದರೆ ನಾಯಿ ಎಂದೂ ಬೆಕ್ಕಾಗುವುದಿಲ್ಲವಾದ್ದರಿಂದ ನಿಜವಾದ ತೊಂದರೆಯನ್ನು ಅವು ತೋರಿಸುವುದೇ ಇಲ್ಲ.

ಗ್ರಂಥಾಲಯದಲ್ಲಿ ಆ ತೊಂದರೆ ಬೇಗ ಕಾಣುತ್ತದೆ. ಸದಸ್ಯ ಎಂಬ ಪೇರೆಂಟ್ ಕ್ಲಾಸ್ ಬರೆದು, ಅದರಿಂದ ವಿದ್ಯಾರ್ಥಿ ಸದಸ್ಯ ಮತ್ತು ಅಧ್ಯಾಪಕ ಸದಸ್ಯ ಎಂಬ ಎರಡು ಚೈಲ್ಡ್ ಕ್ಲಾಸ್‌ಗಳನ್ನು ಮಾಡಿದೆವು ಎಂದಿಟ್ಟುಕೊಳ್ಳಿ. ವಿದ್ಯಾರ್ಥಿಗೆ ಮೂರು ಪುಸ್ತಕಗಳ ಮಿತಿ, ಅಧ್ಯಾಪಕರಿಗೆ ಹತ್ತು. ಮೊದಲ ನೋಟಕ್ಕೆ ಇದು ಅಚ್ಚುಕಟ್ಟಾಗಿದೆ. ‘ವಿದ್ಯಾರ್ಥಿ ಸದಸ್ಯನೂ ಒಬ್ಬ ಸದಸ್ಯ’ ಎಂಬ ವಾಕ್ಯ ಸರಿಯಾಗಿಯೇ ಇದೆ, ಮತ್ತು ಹಾಗೆ ಹೇಳಲು ಬಂದರೆ ಇನ್ಹೆರಿಟೆನ್ಸ್ ಬಳಸಬಹುದೆಂದು ಪಾಠದಲ್ಲಿ ಕಲಿಸಿರುತ್ತಾರೆ. ಒಂದು ದಿನ ವಿದ್ಯಾರ್ಥಿಯೊಬ್ಬ ಅಧ್ಯಾಪಕನಾಗುತ್ತಾನೆ. ಜಾವಾದಲ್ಲಿ ಒಮ್ಮೆ ಸೃಷ್ಟಿಯಾದ ಆಬ್ಜೆಕ್ಟಿನ ಕ್ಲಾಸನ್ನು ಬದಲಿಸುವುದು ಸಾಧ್ಯವಿಲ್ಲ. ಹೊಸ ಆಬ್ಜೆಕ್ಟ್ ಮಾಡಿ, ಹಳೆಯದರಲ್ಲಿದ್ದ ಎರವಲುಗಳನ್ನೂ ದಂಡವನ್ನೂ ನಕಲು ಮಾಡಿ, ಹಳೆಯದನ್ನು ಹಿಡಿದುಕೊಂಡಿರುವ ಕಡೆಯಲ್ಲೆಲ್ಲ ಹೊಸದನ್ನು ಇಡಬೇಕು. ಸಂಶೋಧನೆ ಮಾಡುತ್ತಲೇ ಪಾಠವನ್ನೂ ಮಾಡುವ, ಅಂದರೆ ಏಕಕಾಲಕ್ಕೆ ಎರಡೂ ಆಗಿರುವ ವ್ಯಕ್ತಿ ಬಂದರೆ ವಿನ್ಯಾಸವೇ ಕುಸಿಯುತ್ತದೆ.

ಕಾಂಪೊಸಿಷನ್ನಿನ ದಾರಿಯಲ್ಲಿ ಸದಸ್ಯ ಎಂಬ ಕ್ಲಾಸ್ ಒಂದೇ. ಅದರೊಳಗೆ ‘ಎರವಲು ನಿಯಮ’ ಎಂಬ ಇನ್ನೊಂದು ಆಬ್ಜೆಕ್ಟ್ ಇರುತ್ತದೆ. ವಿದ್ಯಾರ್ಥಿಯ ನಿಯಮ ಒಂದು ಚಿಕ್ಕ ಕ್ಲಾಸ್, ಅಧ್ಯಾಪಕರ ನಿಯಮ ಇನ್ನೊಂದು. ‘ಇನ್ನೊಂದು ಪುಸ್ತಕ ಕೊಡಬಹುದೇ’ ಎಂದು ಕೇಳಿದಾಗ ಸದಸ್ಯ ತಾನು ಉತ್ತರಿಸದೆ ತನ್ನೊಳಗಿನ ನಿಯಮವನ್ನು ಕೇಳುತ್ತಾನೆ. ವಿದ್ಯಾರ್ಥಿ ಅಧ್ಯಾಪಕನಾದ ದಿನ ನಿಯಮದ ಆಬ್ಜೆಕ್ಟನ್ನು ಮಾತ್ರ ತೆಗೆದು ಬೇರೊಂದನ್ನು ಇಟ್ಟರೆ ಮುಗಿಯಿತು; ಸದಸ್ಯ ಅದೇ ಸದಸ್ಯ, ಅವನ ಎರವಲುಗಳು ಇದ್ದಲ್ಲೇ ಇರುತ್ತವೆ.

ಲೆಕ್ಕ ಹಾಕಿ ನೋಡಿದರೆ ವ್ಯತ್ಯಾಸ ಇನ್ನೂ ಸ್ಪಷ್ಟವಾಗುತ್ತದೆ. ಸದಸ್ಯತ್ವದಲ್ಲಿ 2 ಬಗೆ, ಸೂಚನೆ ಕಳುಹಿಸುವುದರಲ್ಲಿ 3 ಬಗೆ (ಇಮೇಲ್, ಎಸ್‌ಎಂಎಸ್, ಏನೂ ಬೇಡ), ದಂಡದಲ್ಲಿ 2 ಬಗೆ ಇವೆ ಎನ್ನೋಣ. ಇವನ್ನೆಲ್ಲ ಇನ್ಹೆರಿಟೆನ್ಸ್ ಮೂಲಕ ಮಾಡಹೊರಟರೆ ಪ್ರತಿಯೊಂದು ಜೋಡಣೆಗೂ ಒಂದರಂತೆ 2 × 3 × 2, ಅಂದರೆ 12 ಚೈಲ್ಡ್ ಕ್ಲಾಸ್‌ಗಳು ಬೇಕು. ಕಾಂಪೊಸಿಷನ್ನಿನಲ್ಲಿ 2 + 3 + 2, ಅಂದರೆ 7 ಚಿಕ್ಕ ಕ್ಲಾಸ್‌ಗಳು ಸಾಕು. ದಂಡದಲ್ಲಿ ಮೂರನೆಯ ಬಗೆ ಸೇರಿದರೆ ಮೊದಲ ದಾರಿಯಲ್ಲಿ 12 ಇದ್ದದ್ದು 18 ಆಗುತ್ತದೆ, ಎರಡನೆಯದರಲ್ಲಿ 7 ಇದ್ದದ್ದು 8 ಆಗುತ್ತದೆ. ಒಂದು ಕಡೆ ಗುಣಾಕಾರ, ಇನ್ನೊಂದು ಕಡೆ ಸಂಕಲನ.

‘ಇದು ಅದರ ಒಂದು ಬಗೆ’ ಎಂದು ಹೇಳಲು ಬಂದರೆ ಇನ್ಹೆರಿಟೆನ್ಸ್, ‘ಇದರಲ್ಲಿ ಅದು ಇದೆ’ ಎಂದು ಹೇಳಲು ಬಂದರೆ ಕಾಂಪೊಸಿಷನ್ ಎಂಬ ಪಾಠದ ಸೂತ್ರ ಏಕೆ ಸಾಲದು ಎಂಬುದಕ್ಕೆ ಗಣಿತದ ಒಂದು ಪ್ರಸಿದ್ಧ ಉದಾಹರಣೆಯಿದೆ. ಚೌಕವೂ ಒಂದು ಆಯತವೇ. ಗಣಿತದಲ್ಲಿ ಇದರ ಬಗ್ಗೆ ಎರಡು ಮಾತಿಲ್ಲ. ಆಯತದ ಕ್ಲಾಸಿನಲ್ಲಿ ಅಗಲವನ್ನೂ ಎತ್ತರವನ್ನೂ ಬೇರೆ ಬೇರೆಯಾಗಿ ಬದಲಿಸುವ ಮೆಥಡ್‌ಗಳಿದ್ದು, ಚೌಕವನ್ನು ಅದರ ಚೈಲ್ಡ್ ಕ್ಲಾಸ್ ಮಾಡಿದರೆ, ಚೌಕವು ಚೌಕವಾಗಿಯೇ ಉಳಿಯಲು ಒಂದನ್ನು ಬದಲಿಸಿದಾಗ ಎರಡನ್ನೂ ಬದಲಿಸಬೇಕಾಗುತ್ತದೆ. ಆಯತವೊಂದು ಸಿಕ್ಕಿತೆಂದು ನಂಬಿ ಅಗಲವನ್ನು 5, ನಂತರ ಎತ್ತರವನ್ನು 4 ಎಂದು ಇಟ್ಟವರು ವಿಸ್ತೀರ್ಣ 20 ಬರುತ್ತದೆಂದು ನಿರೀಕ್ಷಿಸುತ್ತಾರೆ, ಬರುವುದು 16. ಅಳತೆಗಳು ಒಮ್ಮೆ ನಿಗದಿಯಾದ ಮೇಲೆ ಬದಲಾಗದಂತೆ ಕ್ಲಾಸನ್ನು ಬರೆದಿದ್ದರೆ ಈ ತೊಡಕೇ ಬರುತ್ತಿರಲಿಲ್ಲ ಎಂಬುದು ಇಲ್ಲಿ ಗಮನಿಸಬೇಕಾದ ಅಂಶ. ಕಂಪ್ಯೂಟರ್ ವಿಜ್ಞಾನಿ ಬಾರ್ಬರಾ ಲಿಸ್ಕೋವ್ 1987ರ ಭಾಷಣವೊಂದರಲ್ಲಿ ಮುಂದಿಟ್ಟ ವಿಚಾರದ ತಿರುಳು ಇದೇ: ಪೇರೆಂಟ್ ಆಬ್ಜೆಕ್ಟ್ ಇರಬೇಕಾದ ಜಾಗದಲ್ಲಿ ಚೈಲ್ಡ್ ಆಬ್ಜೆಕ್ಟನ್ನು ಇಟ್ಟರೂ ಅದನ್ನು ಬಳಸುವ ಪ್ರೋಗ್ರಾಮಿನ ನಡವಳಿಕೆ ಕೆಡಬಾರದು. ಹೆಸರುಗಳ ಸಂಬಂಧ ನೋಡಿ ತೀರ್ಮಾನಿಸುವುದಕ್ಕಿಂತ ನಡವಳಿಕೆಯ ಈ ಪರೀಕ್ಷೆ ಹೆಚ್ಚು ನಂಬಲರ್ಹ.

ಭಾಷೆಗಳನ್ನು ರೂಪಿಸಿದವರೂ ಇದರಲ್ಲಿ ಎಡವಿದ್ದಾರೆ ಎಂಬುದು ಕಲಿಯುವವರಿಗೆ ತುಸು ಸಮಾಧಾನ ತರಬಹುದು. ಜಾವಾದ ಮೊದಲ ಆವೃತ್ತಿಯಿಂದಲೂ ಸ್ಟ್ಯಾಕ್ ಎಂಬ ಕ್ಲಾಸ್ ವೆಕ್ಟರ್ ಎಂಬ ಕ್ಲಾಸಿನ ಚೈಲ್ಡ್ ಆಗಿದೆ. ಸ್ಟ್ಯಾಕ್ ಎಂದರೆ ಮೇಲಿನಿಂದ ಮಾತ್ರ ಇಡುವ, ಮೇಲಿನಿಂದ ಮಾತ್ರ ತೆಗೆಯುವ ರಚನೆ. ವೆಕ್ಟರ್‌ನಿಂದ ಬಂದ ಮೆಥಡ್‌ಗಳ ಕಾರಣದಿಂದ ಈ ಸ್ಟ್ಯಾಕಿನ ನಟ್ಟನಡುವೆ ಏನನ್ನಾದರೂ ತುರುಕಬಹುದು. ಒಳಗೊಂದು ವೆಕ್ಟರ್ ಇಟ್ಟುಕೊಂಡು ಬೇಕಾದಷ್ಟನ್ನೇ ಹೊರಗೆ ತೋರಿಸಿದ್ದರೆ ಈ ಕಿಂಡಿ ಇರುತ್ತಿರಲಿಲ್ಲ. ಈಗ ಜಾವಾದ ಅಧಿಕೃತ ದಾಖಲೆಯೇ ಸ್ಟ್ಯಾಕ್ ಬೇಕಾದವರು ಡೆಕ್ ಎಂಬ ಇಂಟರ್‌ಫೇಸನ್ನು (ಇರಬೇಕಾದ ಮೆಥಡ್‌ಗಳನ್ನು ಹೇಳುವ ಒಪ್ಪಂದವನ್ನು) ಮತ್ತು ಅದನ್ನು ಆಧರಿಸಿದ ಕ್ಲಾಸ್‌ಗಳನ್ನು ಬಳಸಲಿ ಎನ್ನುತ್ತದೆ. ಹಳೆಯ ಕೋಡ್ ಕೆಡದಿರಲೆಂದು ಹಳೆಯ ಕ್ಲಾಸನ್ನು ಹಾಗೆಯೇ ಉಳಿಸಿಕೊಂಡಿದ್ದಾರೆ. ಇನ್ಹೆರಿಟೆನ್ಸ್ ಎಂಬುದು ಹಿಂತೆಗೆದುಕೊಳ್ಳಲಾಗದ ಮಾತು ಕೊಟ್ಟಂತೆ ಎನ್ನುವುದು ಇದಕ್ಕೇ.

ಹಾಗಾದರೆ ಇನ್ಹೆರಿಟೆನ್ಸ್ ಎಲ್ಲಿ ಸರಿ? ಬಗೆಗಳು ಸ್ಥಿರವಾಗಿದ್ದು, ಒಂದು ಆಬ್ಜೆಕ್ಟ್ ತನ್ನ ಆಯುಷ್ಯದಲ್ಲಿ ಬಗೆ ಬದಲಿಸುವ ಸಾಧ್ಯತೆಯೇ ಇಲ್ಲದ ಕಡೆ ಅದು ತುಂಬ ಚೆನ್ನಾಗಿ ಕೆಲಸ ಮಾಡುತ್ತದೆ. ಪ್ರೋಗ್ರಾಂ ನಡೆಯುವಾಗ ಆದ ತಪ್ಪನ್ನು ಸೂಚಿಸುವ ಎಕ್ಸೆಪ್ಶನ್‌ಗಳು ಇದಕ್ಕೆ ಅತ್ಯುತ್ತಮ ನಿದರ್ಶನ. ಜಾವಾದಲ್ಲಿ ಫೈಲ್ ಸಿಗಲಿಲ್ಲ ಎಂಬ ಎಕ್ಸೆಪ್ಶನ್, ಓದು-ಬರಹದಲ್ಲಿ ತೊಂದರೆಯಾಯಿತು ಎಂಬ ವಿಶಾಲವಾದ ಎಕ್ಸೆಪ್ಶನ್ನಿನ ಚೈಲ್ಡ್ ಕ್ಲಾಸ್. ಎರಡನೆಯದನ್ನು ಹಿಡಿಯುವ ಕೋಡ್ ಮೊದಲನೆಯದನ್ನೂ ತಾನಾಗಿ ಹಿಡಿಯುತ್ತದೆ, ಮತ್ತು ಫೈಲ್ ಸಿಗದ ತಪ್ಪು ನಾಳೆ ಬೇರೆ ತಪ್ಪಾಗಿ ಮಾರ್ಪಡುವುದಿಲ್ಲ. ಫ್ರೇಮ್‌ವರ್ಕ್‌ಗಳು (ಸಿದ್ಧ ಕೋಡಿನ ಚೌಕಟ್ಟುಗಳು) ‘ಈ ಕ್ಲಾಸನ್ನು ವಿಸ್ತರಿಸಿ’ ಎಂದು ಕೇಳುವಲ್ಲಿಯೂ ಯೋಚಿಸಬೇಕಾದದ್ದಿಲ್ಲ. ಅವನ್ನು ಬರೆದವರು ಅದಕ್ಕೆಂದೇ ಸಿದ್ಧಪಡಿಸಿರುತ್ತಾರೆ. ಇವೆರಡರಲ್ಲಿ ಯಾವುದೂ ಅನ್ವಯಿಸದಿದ್ದರೆ, ನನ್ನ ಸಲಹೆ ಕಾಂಪೊಸಿಷನ್ನಿನಿಂದಲೇ ಶುರುಮಾಡಿ ಎಂಬುದು. ಹೊಸ ಭಾಷೆಗಳ ಒಲವೂ ಇದೇ ಕಡೆಗಿದೆ: ಗೋ ಮತ್ತು ರಸ್ಟ್ ಭಾಷೆಗಳಲ್ಲಿ ಕ್ಲಾಸ್ ಇನ್ಹೆರಿಟೆನ್ಸ್ ಇಲ್ಲವೇ ಇಲ್ಲ, ಕಾಟ್ಲಿನ್‌ನಲ್ಲಿ ಕ್ಲಾಸನ್ನು ‘ಓಪನ್’ ಎಂದು ಬರೆದು ಅನುಮತಿ ಕೊಡದಿದ್ದರೆ ಅದನ್ನು ಯಾರೂ ವಿಸ್ತರಿಸುವಂತಿಲ್ಲ.

ಅಬ್‌ಸ್ಟ್ರಾಕ್ಟ್ ಕ್ಲಾಸ್ ಮತ್ತು ಇಂಟರ್‌ಫೇಸ್

ಮೇಲಿನ ಉದಾಹರಣೆಯಲ್ಲಿ ‘ಎರವಲು ನಿಯಮ’ ಎಂಬುದಕ್ಕೆ ಎರಡು ಬಗೆಗಳಿದ್ದವು. ಆ ಎರಡಕ್ಕೂ ಸಾಮಾನ್ಯವಾದ ಹೆಸರನ್ನು ಅಬ್‌ಸ್ಟ್ರಾಕ್ಟ್ ಕ್ಲಾಸ್ (ತಾನೇ ಆಬ್ಜೆಕ್ಟ್ ಆಗದೆ, ಚೈಲ್ಡ್ ಕ್ಲಾಸ್‌ಗಳಿಗೆಂದೇ ಇರುವ ಕ್ಲಾಸ್) ಆಗಿ ಬರೆಯಬೇಕೇ, ಇಂಟರ್‌ಫೇಸ್ ಆಗಿ ಬರೆಯಬೇಕೇ? ಸಂದರ್ಶನಗಳಲ್ಲಿ ಇದನ್ನು ಮತ್ತೆ ಮತ್ತೆ ಕೇಳುತ್ತಾರೆ, ಮತ್ತು ‘ಇಂಟರ್‌ಫೇಸಿನಲ್ಲಿ ಮೆಥಡ್‌ಗಳಿಗೆ ಒಡಲು (ಕೆಲಸ ಮಾಡುವ ಕೋಡ್) ಇರುವುದಿಲ್ಲ’ ಎಂಬ ಉತ್ತರವನ್ನು ಇಂದಿಗೂ ಎಷ್ಟೋ ಮಂದಿ ಕೊಡುತ್ತಾರೆ. ಜಾವಾದ ಮಟ್ಟಿಗೆ ಆ ಉತ್ತರ 2014ರಲ್ಲೇ ಹಳತಾಯಿತು. ಆ ವರ್ಷ ಬಂದ ಜಾವಾ 8ರಲ್ಲಿ ಡೀಫಾಲ್ಟ್ ಮೆಥಡ್‌ಗಳ ಮೂಲಕ ಇಂಟರ್‌ಫೇಸಿನಲ್ಲೂ ಒಡಲಿರುವ ಮೆಥಡ್ ಬರೆಯುವುದು ಸಾಧ್ಯವಾಯಿತು. ಈಗಲೂ ಉಳಿದಿರುವ ನಿಜವಾದ ವ್ಯತ್ಯಾಸ ಮಾಹಿತಿಯದು. ಅಬ್‌ಸ್ಟ್ರಾಕ್ಟ್ ಕ್ಲಾಸಿಗೆ ಪ್ರತಿ ಆಬ್ಜೆಕ್ಟಿಗೂ ಬೇರೆಯಾದ ವೇರಿಯಬಲ್‌ಗಳಿರಬಹುದು, ಆಬ್ಜೆಕ್ಟ್ ಸೃಷ್ಟಿಯಾಗುವಾಗ ಓಡುವ ಕನ್‌ಸ್ಟ್ರಕ್ಟರ್ ಇರಬಹುದು. ಇಂಟರ್‌ಫೇಸಿನಲ್ಲಿ ಬರೆದ ವೇರಿಯಬಲ್ ತಾನಾಗಿ ಸ್ಟ್ಯಾಟಿಕ್ ಮತ್ತು ಫೈನಲ್ ಆಗುತ್ತದೆ, ಅಂದರೆ ಎಲ್ಲ ಆಬ್ಜೆಕ್ಟ್‌ಗಳಿಗೂ ಒಂದೇ ಮತ್ತು ಬದಲಿಸಲಾಗದ್ದು, ಕನ್‌ಸ್ಟ್ರಕ್ಟರ್ ಇರುವಂತಿಲ್ಲ. ಎರಡನೆಯ ವ್ಯತ್ಯಾಸ ಸಂಖ್ಯೆಯದು: ಜಾವಾ ಕ್ಲಾಸಿಗೆ ಪೇರೆಂಟ್ ಕ್ಲಾಸ್ ಒಂದೇ ಇರಬಹುದು, ಇಂಟರ್‌ಫೇಸ್‌ಗಳು ಎಷ್ಟಾದರೂ ಇರಬಹುದು.

ಇದರಿಂದ ಆಯ್ಕೆ ಸುಲಭವಾಗುತ್ತದೆ. ನಿಯಮಗಳ ನಡುವೆ ಹಂಚಿಕೊಳ್ಳಬೇಕಾದ ಮಾಹಿತಿ ಇಲ್ಲ, ‘ಕೊಡಬಹುದೇ’ ಎಂಬ ಪ್ರಶ್ನೆಗೆ ಉತ್ತರಿಸುವ ಸಾಮರ್ಥ್ಯ ಮಾತ್ರ ಬೇಕು ಎಂದಾದರೆ ಇಂಟರ್‌ಫೇಸ್. ಎಲ್ಲ ನಿಯಮಗಳಿಗೂ ಜಾರಿಗೆ ಬಂದ ದಿನಾಂಕ ಇರಲೇಬೇಕು, ಅದನ್ನು ಪರೀಕ್ಷಿಸುವ ಕೋಡ್ ಎಲ್ಲದರಲ್ಲೂ ಒಂದೇ ಎಂದಾದರೆ ಅಬ್‌ಸ್ಟ್ರಾಕ್ಟ್ ಕ್ಲಾಸ್. ಎರಡನ್ನೂ ಜೊತೆಗೆ ಬಳಸುವುದೂ ಉಂಟು: ಹೊರಗಿನವರಿಗೆ ಕಾಣುವುದು ಇಂಟರ್‌ಫೇಸ್, ಒಳಗೆ ಕೆಲಸ ಹಗುರ ಮಾಡಲು ಅದರ ಮೇಲೊಂದು ಅಬ್‌ಸ್ಟ್ರಾಕ್ಟ್ ಕ್ಲಾಸ್. ಸಂಶಯವಿದ್ದಾಗ ಇಂಟರ್‌ಫೇಸ್ ಆರಿಸುವುದು ಲೇಸು, ಏಕೆಂದರೆ ಚೈಲ್ಡ್ ಕ್ಲಾಸಿಗಿರುವ ಒಂದೇ ಒಂದು ಪೇರೆಂಟ್ ಸ್ಥಾನವನ್ನು ಅದು ತಿಂದುಹಾಕುವುದಿಲ್ಲ. ಸಿ ಪ್ಲಸ್ ಪ್ಲಸ್‌ನಲ್ಲಿ ಇಂಟರ್‌ಫೇಸ್ ಎಂಬ ಪ್ರತ್ಯೇಕ ಪದವಿಲ್ಲ. ಪ್ಯೂರ್ ವರ್ಚುವಲ್ ಫಂಕ್ಷನ್‌ಗಳಷ್ಟೇ (ಚೈಲ್ಡ್ ಕ್ಲಾಸ್ ಬರೆಯಬೇಕಾದ ಫಂಕ್ಷನ್‌ಗಳಷ್ಟೇ) ಇರುವ ಕ್ಲಾಸ್ ಆ ಕೆಲಸ ಮಾಡುತ್ತದೆ.

ಓವರ್‌ಲೋಡಿಂಗ್ ಮತ್ತು ಓವರ್‌ರೈಡಿಂಗ್

ಹೆಸರುಗಳ ಹೋಲಿಕೆಯಿಂದಲೇ ಗೊಂದಲವಾಗುವ ಜೋಡಿ ಇದು. ಒಂದೇ ಹೆಸರಿನ, ಬೇರೆ ಬೇರೆ ಪ್ಯಾರಾಮೀಟರ್‌ಗಳ (ಒಳಗೆ ಪಡೆಯುವ ಮೌಲ್ಯಗಳ) ಮೆಥಡ್‌ಗಳನ್ನು ಬರೆಯುವುದು ಓವರ್‌ಲೋಡಿಂಗ್. ಪೇರೆಂಟ್ ಕ್ಲಾಸಿನ ಮೆಥಡನ್ನು ಅದೇ ಪ್ಯಾರಾಮೀಟರ್‌ಗಳೊಂದಿಗೆ ಚೈಲ್ಡ್ ಕ್ಲಾಸಿನಲ್ಲಿ ಮತ್ತೆ ಬರೆಯುವುದು ಓವರ್‌ರೈಡಿಂಗ್. ಯಾರು, ಯಾವಾಗ ತೀರ್ಮಾನಿಸುತ್ತಾರೆ ಎಂಬುದನ್ನು ಹಿಡಿದುಕೊಂಡರೆ ಮರೆಯುವುದಿಲ್ಲ. ಓವರ್‌ಲೋಡ್ ಆದ ಮೆಥಡ್‌ಗಳಲ್ಲಿ ಯಾವುದನ್ನು ಕರೆಯಬೇಕೆಂದು ಕಂಪೈಲರ್ ತೀರ್ಮಾನಿಸುತ್ತದೆ, ಅದೂ ವೇರಿಯಬಲ್ಲಿಗೆ ಬರೆದ ಟೈಪನ್ನು ನೋಡಿ. ಓವರ್‌ರೈಡ್ ಆದವುಗಳಲ್ಲಿ ಯಾವುದು ಓಡಬೇಕೆಂಬುದು ಪ್ರೋಗ್ರಾಂ ನಡೆಯುವಾಗ, ಅಲ್ಲಿ ನಿಜವಾಗಿ ಇರುವ ಆಬ್ಜೆಕ್ಟನ್ನು ನೋಡಿ ತೀರ್ಮಾನವಾಗುತ್ತದೆ. ‘ನಿಯಮ’ ಎಂಬ ಟೈಪಿನ ವೇರಿಯಬಲ್ಲಿನಲ್ಲಿ ಅಧ್ಯಾಪಕರ ನಿಯಮವಿದ್ದರೆ, ಅದರ ಮೇಲೆ ಕರೆದ ಮೆಥಡ್ ಅಧ್ಯಾಪಕರ ನಿಯಮದ್ದೇ ಓಡುತ್ತದೆ. ಅದೇ ವೇರಿಯಬಲ್ಲನ್ನು ಓವರ್‌ಲೋಡ್ ಆದ ಮುದ್ರಣ ಮೆಥಡಿಗೆ ಕೊಟ್ಟರೆ, ‘ಅಧ್ಯಾಪಕ ನಿಯಮ’ಕ್ಕೆಂದು ಪ್ರತ್ಯೇಕ ರೂಪವಿದ್ದರೂ ಸಾಮಾನ್ಯ ‘ನಿಯಮ’ದ ರೂಪವೇ ಓಡುತ್ತದೆ.

ಈ ವ್ಯತ್ಯಾಸ ಕೈಕೊಡುವ ಪ್ರಸಿದ್ಧ ಜಾಗ ಜಾವಾದ ‘ಈಕ್ವಲ್ಸ್’ ಮೆಥಡ್. ಎರಡು ಪುಸ್ತಕಗಳು ಒಂದೇ ಎಂದು ಗುರುತಿಸಲು ಪುಸ್ತಕದ ಕ್ಲಾಸಿನಲ್ಲಿ ಈಕ್ವಲ್ಸ್ ಬರೆಯುವಾಗ ಪ್ಯಾರಾಮೀಟರಿನ ಟೈಪನ್ನು ‘ಆಬ್ಜೆಕ್ಟ್’ ಎನ್ನುವ ಬದಲು ‘ಪುಸ್ತಕ’ ಎಂದು ಬರೆದುಬಿಡುವುದು ಸಹಜ. ಆಗ ಅದು ಓವರ್‌ರೈಡ್ ಆಗದೆ ಓವರ್‌ಲೋಡ್ ಆಗುತ್ತದೆ. ನೇರವಾಗಿ ಕರೆದಾಗ ಸರಿಯಾದ ಉತ್ತರ ಬರುತ್ತದೆ, ಪಟ್ಟಿಯಲ್ಲಿ ಆ ಪುಸ್ತಕವಿದೆಯೇ ಎಂದು ಕೇಳಿದಾಗ ಮಾತ್ರ ‘ಇಲ್ಲ’ ಎಂದು ಬರುತ್ತದೆ, ಏಕೆಂದರೆ ಪಟ್ಟಿ ಕರೆಯುವುದು ಮೂಲ ಈಕ್ವಲ್ಸನ್ನು. ಗಂಟೆಗಟ್ಟಲೆ ತಲೆ ಕೆರೆದುಕೊಳ್ಳುವಂತೆ ಮಾಡುವ ಈ ತಪ್ಪನ್ನು ಒಂದೇ ಒಂದು ಪದ ತಪ್ಪಿಸುತ್ತದೆ: 2004ರ ಜಾವಾ 5ರಿಂದ ಲಭ್ಯವಿರುವ ಓವರ್‌ರೈಡ್ ಎಂಬ ಗುರುತನ್ನು ಮೆಥಡಿನ ಮೇಲೆ ಬರೆದರೆ, ನಿಜವಾಗಿ ಓವರ್‌ರೈಡ್ ಆಗದಿದ್ದಾಗ ಕಂಪೈಲರ್ ಅಲ್ಲಿಯೇ ತಡೆಯುತ್ತದೆ. ಈಕ್ವಲ್ಸ್ ಬರೆದವರು, ಆಬ್ಜೆಕ್ಟನ್ನು ಬೇಗ ಹುಡುಕಲು ಒಂದು ಸಂಖ್ಯೆ ಕೊಡುವ ಹ್ಯಾಶ್‌ಕೋಡ್ ಮೆಥಡನ್ನೂ ಜೊತೆಗೆ ಬರೆಯಬೇಕು. ಇಲ್ಲದಿದ್ದರೆ ಒಂದೊಂದೂ ಒಮ್ಮೆ ಮಾತ್ರ ಇರಬೇಕಾದ ಸಂಗ್ರಹವಾದ ಹ್ಯಾಶ್‌ಸೆಟ್‌ನಲ್ಲಿ ಒಂದೇ ಪುಸ್ತಕ ಎರಡು ಬಾರಿ ಕುಳಿತುಕೊಳ್ಳಬಹುದು. ಪೈಥಾನ್‌ನಲ್ಲಿ ಈ ರೀತಿಯ ಓವರ್‌ಲೋಡಿಂಗ್ ಇಲ್ಲ. ಕ್ಲಾಸಿನಲ್ಲಿ ಒಂದೇ ಹೆಸರಿನ ಎರಡು ಮೆಥಡ್ ಬರೆದರೆ ಎರಡನೆಯದು ಮೊದಲನೆಯದನ್ನು ಸದ್ದಿಲ್ಲದೆ ಅಳಿಸಿಹಾಕುತ್ತದೆ, ಆದ್ದರಿಂದ ಅಲ್ಲಿ ಡೀಫಾಲ್ಟ್ ಮೌಲ್ಯಗಳಿರುವ ಪ್ಯಾರಾಮೀಟರ್‌ಗಳನ್ನು ಬಳಸಬೇಕು.

ಸ್ಟ್ಯಾಟಿಕ್ ಮತ್ತು ಇನ್‌ಸ್ಟನ್ಸ್

ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಯಾವುದೇ ಒಂದು ಆಬ್ಜೆಕ್ಟಿಗೆ ಸೇರದ ಕೆಲಸಕ್ಕೆ ಸ್ಟ್ಯಾಟಿಕ್, ಆಬ್ಜೆಕ್ಟಿನ ಮಾಹಿತಿಯನ್ನು ಮುಟ್ಟುವ ಕೆಲಸಕ್ಕೆ ಇನ್‌ಸ್ಟನ್ಸ್ ಮೆಥಡ್. ವರ್ಗಮೂಲ ಕಂಡುಹಿಡಿಯುವ ಮೆಥಡ್ ಸ್ಟ್ಯಾಟಿಕ್ ಆಗಿರುವುದು ಸರಿ; ಸದಸ್ಯನ ದಂಡವನ್ನು ಹೇಳುವ ಮೆಥಡ್ ಹಾಗಿರಬಾರದು. ಹೀಗಿದ್ದೂ ಹೊಸಬರ ಜಾವಾ ಪ್ರೋಗ್ರಾಂಗಳು ಸ್ಟ್ಯಾಟಿಕ್‌ಗಳಿಂದ ತುಂಬಿಹೋಗುವುದಕ್ಕೆ ಒಂದು ತಮಾಷೆಯ ಕಾರಣವಿದೆ. ಪ್ರೋಗ್ರಾಂ ಶುರುವಾಗುವ ಮೇನ್ ಮೆಥಡ್ ಸಾಮಾನ್ಯವಾಗಿ ಸ್ಟ್ಯಾಟಿಕ್ ಆಗಿರುವುದರಿಂದ ಅದರೊಳಗಿಂದ ಇನ್‌ಸ್ಟನ್ಸ್ ಮೆಥಡನ್ನು ನೇರವಾಗಿ ಕರೆದರೆ ಕಂಪೈಲರ್ ತಪ್ಪು ತೋರಿಸುತ್ತದೆ. ಎಡಿಟರ್ ‘ಇದನ್ನು ಸ್ಟ್ಯಾಟಿಕ್ ಮಾಡಲೇ’ ಎಂದು ಕೇಳುತ್ತದೆ, ವಿದ್ಯಾರ್ಥಿ ಹೂಂ ಎನ್ನುತ್ತಾನೆ, ಆ ಮೆಥಡ್ ಬಳಸುವ ವೇರಿಯಬಲ್ಲೂ ಸ್ಟ್ಯಾಟಿಕ್ ಆಗಬೇಕಾಗುತ್ತದೆ, ಕೊನೆಗೆ ಎಲ್ಲ ಸದಸ್ಯರೂ ಒಂದೇ ಹೆಸರನ್ನು ಹಂಚಿಕೊಳ್ಳುತ್ತಾರೆ. ಆ ತಪ್ಪು ಕಂಡಾಗ ಮಾಡಬೇಕಾದದ್ದು ಇಷ್ಟೇ: ಮೇನ್ ಮೆಥಡಿನೊಳಗೆ ಒಂದು ಆಬ್ಜೆಕ್ಟ್ ಸೃಷ್ಟಿಸಿ, ಅದರ ಮೇಲೆ ಮೆಥಡನ್ನು ಕರೆಯುವುದು.

ಯಾವ ಭಾಷೆಯಲ್ಲಿ ಕಲಿಯಬೇಕು?

ಪಠ್ಯಕ್ರಮ ಭಾಷೆಯನ್ನು ನಿಗದಿಪಡಿಸಿದ್ದರೆ ಈ ಪ್ರಶ್ನೆಯೇ ಇಲ್ಲ. ಆಯ್ಕೆ ಇರುವವರು ಮೂರು ಭಾಷೆಗಳ ನಡುವೆ ತೂಗಿ ನೋಡುವುದು ಸಾಮಾನ್ಯ. 1995ರಲ್ಲಿ ಹೊರಬಂದ ಜಾವಾ ನಿಯಮಗಳನ್ನು ಬರೆದು ತೋರಿಸುವಂತೆ ಒತ್ತಾಯಿಸುತ್ತದೆ. ಪ್ರೈವೇಟ್, ಅಬ್‌ಸ್ಟ್ರಾಕ್ಟ್, ಇಂಟರ್‌ಫೇಸ್, ಫೈನಲ್ ಎಂಬ ಪದಗಳೆಲ್ಲ ಭಾಷೆಯಲ್ಲೇ ಇವೆ, ಮತ್ತು ತಪ್ಪಿದರೆ ಕಂಪೈಲರ್ ಹೇಳುತ್ತದೆ. ಪರಿಕಲ್ಪನೆಗಳನ್ನು ಒಂದೊಂದಾಗಿ ಗುರುತಿಸಿ ಕಲಿಯಬೇಕೆನ್ನುವವರಿಗೆ ಇದು ಅನುಕೂಲ. ಬರೆಯಬೇಕಾದ ಸಾಲುಗಳು ಹೆಚ್ಚೆಂಬ ದೂರು ಹಳೆಯದು, ನ್ಯಾಯವಾದದ್ದೂ ಹೌದು.

1991ರಲ್ಲಿ ಬಿಡುಗಡೆಯಾದ ಪೈಥಾನ್ ಕ್ಲಾಸ್ ಇಲ್ಲದೆಯೂ ಬರೆಯಲು ಬಿಡುವುದರಿಂದ, ಈ ಲೇಖನದ ಮೊದಲ ಪ್ರಶ್ನೆಗೆ, ಅಂದರೆ ಕ್ಲಾಸ್ ಬೇಕೇ ಎಂಬುದಕ್ಕೆ, ಪ್ರಾಮಾಣಿಕವಾಗಿ ಉತ್ತರಿಸಲು ಕಲಿಸುತ್ತದೆ. ಅಲ್ಲಿ ಬೇಕಾದ ಮೆಥಡ್ ಇರುವ ಯಾವ ಆಬ್ಜೆಕ್ಟ್ ಆದರೂ ಸಲ್ಲುತ್ತದೆ; ಇಂಟರ್‌ಫೇಸನ್ನು ಘೋಷಿಸಲೇಬೇಕೆಂಬ ಕಟ್ಟುಪಾಡಿಲ್ಲ. ಇದು ಹಗುರವೆನಿಸಿದರೂ, ಮೆಥಡಿನ ಹೆಸರು ತಪ್ಪಾದದ್ದು ಆ ಸಾಲು ಓಡಿದಾಗಲೇ ತಿಳಿಯುತ್ತದೆ ಎಂಬ ಬೆಲೆಯನ್ನು ತೆರಬೇಕು.

ಸಿ ಪ್ಲಸ್ ಪ್ಲಸ್ ಅನ್ನು ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗ್ ಕಲಿಯಲೆಂದೇ ಮೊದಲ ಭಾಷೆಯಾಗಿ ಆರಿಸಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಭಾಷೆ ಕೀಳೆಂದು ಈ ಮಾತಲ್ಲ. ಪರಿಕಲ್ಪನೆಯ ಜೊತೆಗೆ ಮೆಮೊರಿಯ ವಿಷಯವನ್ನೂ ಅದು ಮೊದಲ ದಿನದಿಂದಲೇ ಕೇಳುತ್ತದೆ. ವರ್ಚುವಲ್ ಎಂದು ಬರೆಯದ ಮೆಥಡನ್ನು ಚೈಲ್ಡ್ ಕ್ಲಾಸಿನಲ್ಲಿ ಮತ್ತೆ ಬರೆದರೂ, ಪೇರೆಂಟ್ ಟೈಪಿನ ಪಾಯಿಂಟರ್ (ಆಬ್ಜೆಕ್ಟ್ ಇರುವ ಮೆಮೊರಿಯ ವಿಳಾಸ) ಮೂಲಕ ಕರೆದಾಗ ಪೇರೆಂಟಿನದೇ ಓಡುತ್ತದೆ. ಚೈಲ್ಡ್ ಆಬ್ಜೆಕ್ಟನ್ನು ಪೇರೆಂಟ್ ಟೈಪಿನ ಸಾದಾ ವೇರಿಯಬಲ್ಲಿಗೆ ಕೊಟ್ಟರೆ ಚೈಲ್ಡಿಗೆ ಸೇರಿದ ಭಾಗ ಕತ್ತರಿಸಿಹೋಗುತ್ತದೆ; ಪಾಲಿಮಾರ್ಫಿಸಂ ಬೇಕಾದರೆ ಪಾಯಿಂಟರ್ ಅಥವಾ ರೆಫರೆನ್ಸ್ ಬಳಸಲೇಬೇಕು. ಪೇರೆಂಟ್ ಪಾಯಿಂಟರ್ ಮೂಲಕ ಚೈಲ್ಡ್ ಆಬ್ಜೆಕ್ಟನ್ನು ಅಳಿಸುವುದಿದ್ದರೆ ಪೇರೆಂಟಿನ ಡಿಸ್ಟ್ರಕ್ಟರ್ (ಆಬ್ಜೆಕ್ಟ್ ಅಳಿಯುವಾಗ ಓಡುವ ಮೆಥಡ್) ವರ್ಚುವಲ್ ಆಗಿರಬೇಕು. ಆಟದ ಎಂಜಿನ್‌ಗಳತ್ತಲೋ ಆಪರೇಟಿಂಗ್ ಸಿಸ್ಟಂಗಳತ್ತಲೋ ಹೋಗಬೇಕೆಂದು ಈಗಾಗಲೇ ನಿರ್ಧರಿಸಿದವರಿಗೆ ಇವೆಲ್ಲ ಹೇಗಿದ್ದರೂ ಕಲಿಯಬೇಕಾದ ವಿಷಯಗಳೇ, ಅವರು ಅಲ್ಲಿಂದಲೇ ಶುರುಮಾಡಲಿ. ಉಳಿದವರು ಮೇಲಿನ ಗ್ರಂಥಾಲಯದ ಪ್ರೋಗ್ರಾಮನ್ನು ಮೊದಲು ಪೈಥಾನ್‌ನಲ್ಲಿ ಬರೆದು, ಆಮೇಲೆ ಅದನ್ನೇ ಜಾವಾಕ್ಕೆ ತಂದು ನೋಡಬಹುದು. ಜಾವಾದ ಕಂಪೈಲರ್ ತಕರಾರು ಎತ್ತುವ ಒಂದೊಂದು ಸಾಲಿನಲ್ಲೂ ಪೈಥಾನ್ ಸುಮ್ಮನೆ ಒಪ್ಪಿಕೊಂಡಿದ್ದ ಒಂದೊಂದು ತೀರ್ಮಾನ ಕಾಣಸಿಗುತ್ತದೆ.